ಮರಿಗಳ ಮೇಲಿನ ಮಮತೆಯ ಮೂಲ

ಧಾರವಾಡದ ಸುತ್ತಲಿನ ಕಾಡಂಚಿನ ಮರಗಳಲ್ಲಿ ಬೀಡುಬಿಡುವ ಮುಸುವಗಳ ಹಿಂಡಿನಲ್ಲಿ ಹೊಸ ಮರಿಯೊಂದು ಹುಟ್ಟಿತೆಂದರೆ ಇಡೀ ಹಿಂಡಿನ ಗಮನ ಅದರತ್ತ ತಿರುಗುತ್ತದೆ. ಬೆಳೆದ ಮುಸುವದ ಮೈ ಬೂದು, ಮುಖ ಕಪ್ಪು. ಆಗತಾನೆ ಹುಟ್ಟಿದ ಮರಿಯದು ಕಡುಗಂದು ಮೈ, ನಸುಗೆಂಪು ಬೆರೆತ ತಿಳಿ ಮುಖ, ಆದ್ದರಿಂದ ಎಲೆಗಳ ನಡುವೆಯೂ ಅದು ದೂರದಿಂದಲೇ ಎದ್ದು ಕಾಣುತ್ತದೆ. ಹಿಂಡಿನ ಉಳಿದ ಹೆಣ್ಣುಗಳು ಮೆಲ್ಲಗೆ ತಾಯಿಯ ಬಳಿ ಸರಿದು, ಮರಿಯನ್ನು ಮುಟ್ಟಿ, ಮೂಸಿ, ಕೊನೆಗೆ ತಮ್ಮ ಮಡಿಲಿಗೆ ಎಳೆದುಕೊಳ್ಳುತ್ತವೆ; ಹುಟ್ಟಿದ ಮೊದಲ ದಿನಗಳಲ್ಲಿಯೇ ಮರಿ ಒಂದು ಮಡಿಲಿನಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ. ಮರದ ಕೆಳಗಿನ ದಾರಿಯಲ್ಲಿ ಹೋಗುವ ಮನುಷ್ಯರೂ ಅಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ, ಮರಿಯತ್ತ ಬೆರಳು ತೋರಿಸಿ ಮಕ್ಕಳಿಗೆ ಏನನ್ನೋ ಹೇಳುತ್ತಾರೆ, ನಗುತ್ತಾರೆ.

ಮುಸುವದ ಹೆಣ್ಣು ತನ್ನದೇ ಜಾತಿಯ ಮರಿಗೆ ಒಲಿಯುವುದರಲ್ಲಿ ಸೋಜಿಗವೇನೂ ಇಲ್ಲ. ಆದರೆ ಮರದ ಕೆಳಗೆ ನಿಂತವನಿಗೆ ಆ ಮರಿ ಬಂಧುವಲ್ಲ, ಅದರಿಂದ ಅವನಿಗೆ ಆಗಬೇಕಾದ ಲಾಭವೂ ಇಲ್ಲ. ಅದೇ ಹಿಂಡು ಹೊಲಕ್ಕಿಳಿದು ಬೆಳೆ ಹಾಳುಮಾಡಿದರೆ ಕವಣೆ ಬೀಸುವವನೂ ಅವನೇ. ಹಾಗಿದ್ದರೂ ಮರಿ ಕಣ್ಣಿಗೆ ಬಿದ್ದೊಡನೆ ಅವನ ಮುಖ ಅರಳುತ್ತದೆ, ದನಿ ಮೆತ್ತಗಾಗುತ್ತದೆ. ನಾಯಿಮರಿ, ಬೆಕ್ಕಿನ ಮರಿ, ಕರು, ಕೋಳಿಮರಿ ಎಲ್ಲದರ ಮುಂದೆಯೂ ಇದೇ ಬದಲಾವಣೆ ಕಾಣುತ್ತದೆ. ವಿಕಾಸವಾದದ ದೃಷ್ಟಿಯಿಂದ ನೋಡಿದರೆ ಇದೊಂದು ತೊಡಕಿನ ಪ್ರಶ್ನೆಯಾಗುತ್ತದೆ: ಸ್ವಂತ ಸಂತಾನಕ್ಕೆ ಸಲ್ಲಬೇಕಾದ ಅನ್ನವನ್ನೂ ಸಮಯವನ್ನೂ ಅಕ್ಕರೆಯನ್ನೂ ಬೇರೊಂದು ಜೀವಜಾತಿಯ ಮರಿಗೆ ಎರೆಯುವ ಗುಣ ಲಕ್ಷಾಂತರ ವರ್ಷಗಳ ಬದುಕಿನ ಹೋರಾಟದಲ್ಲಿ ಅಳಿಯದೆ ಉಳಿದುಬಂದದ್ದು ಹೇಗೆ?

ಇದು ಪೇಟೆಯ ಬಿಡುವಿನ ಬದುಕು ಕಲಿಸಿದ ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ಪ್ರಾಣಿವರ್ತನೆ, ಮಿದುಳು ಮತ್ತು ಪ್ರಾಚೀನ ಮಾನವರ ನೆಲೆಗಳ ಅಧ್ಯಯನಗಳು ತೋರಿಸುತ್ತಿರುವ ಚಿತ್ರ ಬೇರೆಯೇ ಇದೆ. ಅದರ ಪ್ರಕಾರ ಈ ಮಮತೆಯ ಬೇರು ಇಳಿದಿರುವುದು ಮನುಷ್ಯಕುಲ ತನ್ನ ಕೂಸುಗಳನ್ನು ಸಾಕಿ ಉಳಿಸಿಕೊಂಡ ವಿಶಿಷ್ಟ ರೀತಿಯಲ್ಲಿ.

ಲೊರೆನ್ಸ್ ಗುರುತಿಸಿದ ಮುಖ

ಯಾವುದನ್ನು ಕಂಡರೆ ಮನುಷ್ಯನಿಗೆ ಮುದ್ದು ಬರುತ್ತದೆ ಎಂಬುದನ್ನು ವಿಜ್ಞಾನದ ಪ್ರಶ್ನೆಯಾಗಿ ಮೊದಲು ಎತ್ತಿಕೊಂಡವನು ಆಸ್ಟ್ರಿಯಾದ ಪ್ರಾಣಿವರ್ತನಾ ವಿಜ್ಞಾನಿ ಕೊನ್ರಾಡ್ ಲೊರೆನ್ಸ್. ಅವನು 1943ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಎಳೆಯ ಜೀವಿಗಳಿಗೆ ಸಾಮಾನ್ಯವಾದ ಕೆಲವು ಲಕ್ಷಣಗಳನ್ನು ಒಟ್ಟುಗೂಡಿಸಿ ತೋರಿಸಿದನು: ಮೈಗೆ ಹೋಲಿಸಿದರೆ ದೊಡ್ಡದೆನಿಸುವ ತಲೆ, ಉಬ್ಬಿದ ಎತ್ತರದ ಹಣೆ, ಮುಖದ ಕೆಳಭಾಗದಲ್ಲಿ ಕೂತಿರುವ ದೊಡ್ಡ ಕಣ್ಣುಗಳು, ತುಂಬಿದ ಕೆನ್ನೆ, ಗಿಡ್ಡನೆಯ ದಪ್ಪ ಕೈಕಾಲುಗಳು, ಮೆತ್ತನೆಯ ಮೈ, ತಡವರಿಸುವ ನಡಿಗೆ. ಈ ಲಕ್ಷಣಗಳ ಕೂಟವನ್ನು ಕನ್ನಡದಲ್ಲಿ ಶಿಶುಲಕ್ಷಣ ಎಂದು ಕರೆಯಬಹುದು. ಇವು ಕಣ್ಣಿಗೆ ಬಿದ್ದಾಗ ಪಾಲನೆಯ ಬಯಕೆ ತಾನಾಗಿಯೇ ಕೆರಳುತ್ತದೆ, ಅದನ್ನು ಯಾರೂ ಕಲಿಸಬೇಕಿಲ್ಲ ಎಂಬುದು ಲೊರೆನ್ಸನ ವಾದವಾಗಿತ್ತು.

ಆ ಬಯಕೆ ಮನುಷ್ಯ ಶಿಶುವಿನ ಬಳಿಯೇ ನಿಲ್ಲದೆ ಇದೇ ಲಕ್ಷಣಗಳನ್ನು ಹೊತ್ತ ಬೇರೆ ಜೀವಿಗಳ ಕಡೆಗೂ ಹರಿಯುತ್ತದೆ ಎಂಬುದನ್ನು ಅವನು ಚಿತ್ರಗಳ ಮೂಲಕ ವಿವರಿಸಿದನು. ಒಂದು ಸಾಲಿನಲ್ಲಿ ಮಗು, ಮರುಭೂಮಿಯ ಜಿಗಿಯುವ ಇಲಿ, ಪೀಕಿನೀಸ್ ನಾಯಿ ಮತ್ತು ರಾಬಿನ್ ಹಕ್ಕಿ. ಪಕ್ಕದ ಸಾಲಿನಲ್ಲಿ ವಯಸ್ಕ ಮನುಷ್ಯ, ಮೊಲ, ಬೇಟೆನಾಯಿ ಮತ್ತು ಉದ್ದ ಕೊಕ್ಕಿನ ಹೊನ್ನಕ್ಕಿ. ಮೊದಲ ಸಾಲು ಒಲವು ಹುಟ್ಟಿಸುವಷ್ಟು ಎರಡನೆಯದು ಹುಟ್ಟಿಸುವುದಿಲ್ಲ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ರಾಬಿನ್ ಆಗಲಿ ಜಿಗಿಯುವ ಇಲಿಯಾಗಲಿ ಮರಿಯೇ ಆಗಿರಬೇಕೆಂದಿಲ್ಲ. ಪೂರ್ತಿ ಬೆಳೆದ ಮೇಲೂ ಅವುಗಳ ಆಕಾರ ಮರಿಯಂತೆಯೇ ಇರುತ್ತದೆ. ಅಳಿಲು, ಗುಬ್ಬಿಯಂಥ ಪುಟ್ಟ ಪ್ರಾಣಿಗಳ ಬಗ್ಗೆ ಮನುಷ್ಯನಿಗಿರುವ ಅಕ್ಕರೆಗೆ ಇದೇ ಕಾರಣ: ದೇಹ ಸಣ್ಣದಾದಷ್ಟೂ ತಲೆ ಮತ್ತು ಕಣ್ಣುಗಳ ಪಾಲು ಹೆಚ್ಚಾಗುವುದು ಜೀವಿಗಳ ದೇಹರಚನೆಯಲ್ಲಿ ಸಾಮಾನ್ಯ.

ಲೊರೆನ್ಸ್ ನಾತ್ಸಿ ಪಕ್ಷದ ಸದಸ್ಯನಾಗಿದ್ದನೆಂಬುದನ್ನೂ ಆ ಕಾಲದ ಅವನ ಬರಹಗಳಲ್ಲಿ ಜನಾಂಗದ ಅವನತಿಯ ಕುರಿತ ಅಪಾಯಕಾರಿ ವಿಚಾರಗಳಿದ್ದುವೆಂಬುದನ್ನೂ ಮರೆಯುವಂತಿಲ್ಲ. 1973ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂದಾಗಲೂ ಆ ಚರ್ಚೆ ಎದ್ದಿತ್ತು. ಆದರೆ ಶಿಶುಲಕ್ಷಣದ ವಿಚಾರ ಅವನೊಬ್ಬನ ಮಾತಿನ ಮೇಲೆ ನಿಂತಿಲ್ಲ, ಅನಂತರದ ಸಂಶೋಧಕರು ಅದನ್ನು ಮತ್ತೆ ಮತ್ತೆ ಒರೆಗೆ ಹಚ್ಚಿದ್ದಾರೆ. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ 1979ರ ಪ್ರಬಂಧವೊಂದರಲ್ಲಿ ಮಿಕ್ಕಿ ಮೌಸ್‌ನ ಐವತ್ತು ವರ್ಷಗಳ ಚಿತ್ರಗಳನ್ನು ಅಳತೆಮಾಡಿ, ಆರಂಭದಲ್ಲಿ ಕಿಡಿಗೇಡಿಯಾಗಿದ್ದ ಆ ಇಲಿ ಜನಪ್ರಿಯವಾಗುತ್ತ ಹೋದಂತೆ ಅದರ ತಲೆಯೂ ಕಣ್ಣೂ ದೊಡ್ಡದಾಗುತ್ತ ಹೋದುದನ್ನು ತೋರಿಸಿದನು. ಚಿತ್ರಕಾರರು ಲೊರೆನ್ಸನನ್ನು ಓದಿ ಹೀಗೆ ಮಾಡಿದವರಲ್ಲ. ನೋಡುಗರು ಯಾವ ಮುಖಕ್ಕೆ ಒಲಿದರೋ ಆ ಮುಖದತ್ತ ಅವರ ಕೈ ತಾನಾಗಿ ಸರಿದಿತ್ತು.

ಮಿದುಳಿನ ಒಳಗೆ

ಶಿಶುಲಕ್ಷಣ ಕಂಡಾಗ ಮಿದುಳಿನಲ್ಲಿ ಏನಾಗುತ್ತದೆ ಎಂಬುದನ್ನು ಈಗ ಉಪಕರಣಗಳ ಮೂಲಕ ನೋಡಬಹುದಾಗಿದೆ. ಮಾರ್ಟನ್ ಕ್ರಿಂಗಲ್‌ಬಾಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತ ಶಿಶುವಿನ ಮುಖ ಕಣ್ಣಿಗೆ ಬಿದ್ದ ಸುಮಾರು 130 ಮಿಲಿಸೆಕೆಂಡುಗಳಲ್ಲಿ, ಅಂದರೆ ಒಂದು ಸೆಕೆಂಡಿನ ಏಳನೆಯ ಒಂದು ಭಾಗದಷ್ಟು ಕಾಲದಲ್ಲಿ, ಹಣೆಯ ಹಿಂಬದಿಗಿರುವ ಮಿದುಳಿನ ಭಾಗವೊಂದು ಚುರುಕಾಗುವುದು ಕಂಡುಬಂತು. ಆ ಭಾಗ ಸುಖ ಮತ್ತು ಪ್ರತಿಫಲದ ಅನುಭವಕ್ಕೆ ಸಂಬಂಧಿಸಿದ್ದು. ವಯಸ್ಕರ ಮುಖಗಳಿಗೆ ಅಂಥ ಪ್ರತಿಕ್ರಿಯೆ ಇರಲಿಲ್ಲ. ನೋಡಿದವನು 'ಇದು ಮಗು' ಎಂದು ಯೋಚಿಸಿ ನಿರ್ಧರಿಸುವುದಕ್ಕೆ ಇಷ್ಟು ಕಾಲ ಸಾಲದು. ಮನಸ್ಸು ತೀರ್ಮಾನಿಸುವ ಮೊದಲೇ ಮಿದುಳು ಒಲಿದಿರುತ್ತದೆ.

ಮೆಲನಿ ಗ್ಲಾಕರ್ ಮತ್ತು ಸಂಗಡಿಗರು 2009ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಕ್ಕಳ ಭಾವಚಿತ್ರಗಳನ್ನೇ ಕಂಪ್ಯೂಟರಿನಲ್ಲಿ ತಿದ್ದಿ, ಒಂದೇ ಮಗುವಿನ ಮುಖದಲ್ಲಿ ಶಿಶುಲಕ್ಷಣಗಳನ್ನು ಹೆಚ್ಚಿಸಿ ಅಥವಾ ಕುಗ್ಗಿಸಿ, ಇನ್ನೂ ತಾಯಂದಿರಾಗಿರದ ಹೆಣ್ಣುಮಕ್ಕಳಿಗೆ ತೋರಿಸಿದಾಗ, ಲಕ್ಷಣಗಳು ಹೆಚ್ಚಿದಂತೆ ಮಿದುಳಿನ ಪ್ರತಿಫಲ ಕೇಂದ್ರದ ಚಟುವಟಿಕೆಯೂ ಹೆಚ್ಚಿತು. ಹಸಿವಾದಾಗ ಅನ್ನ ಕಂಡರೆ ಹಂಬಲ ಹುಟ್ಟಿಸುವ ಜಾಲವೇ ಇಲ್ಲಿಯೂ ಕೆಲಸ ಮಾಡುತ್ತದೆ. ಆ ಹೆಣ್ಣುಮಕ್ಕಳಿಗೆ ಆ ಕೂಸುಗಳು ಯಾರೋ ಏನೋ, ಸ್ವತಃ ತಾಯ್ತನದ ಅನುಭವವೂ ಅವರಿಗಿರಲಿಲ್ಲ ಎಂಬ ವಿವರ ಮುಂದಿನ ಚರ್ಚೆಗೆ ಬಹಳ ಮುಖ್ಯ.

ಈ ಒಲವು ನಡೆಯನ್ನೂ ಬದಲಿಸುತ್ತದೆ. ಜಪಾನಿನ ಹಿರೋಶಿಮಾ ವಿಶ್ವವಿದ್ಯಾಲಯದ ಹಿರೋಶಿ ನಿಟ್ಟೋನೋ ಮತ್ತು ಸಂಗಡಿಗರ 2012ರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಚಿಮಟದಿಂದ ಸಣ್ಣ ವಸ್ತುಗಳನ್ನು ಕಿರಿದಾದ ಗುಳಿಗಳಿಂದ ಅಂಚಿಗೆ ತಾಗದಂತೆ ಎತ್ತಬೇಕಿತ್ತು. ನಾಯಿಮರಿ ಮತ್ತು ಬೆಕ್ಕಿನ ಮರಿಗಳ ಚಿತ್ರ ನೋಡಿದ ಮೇಲೆ ಅವರ ಕೈ ಹೆಚ್ಚು ಜಾಗರೂಕವಾಯಿತು. ದೊಡ್ಡ ನಾಯಿ ಬೆಕ್ಕುಗಳ ಚಿತ್ರ ನೋಡಿದವರಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ಎಳೆಯ ಜೀವವನ್ನು ಎತ್ತಿಕೊಳ್ಳುವವರಿಗೆ ಬೇಕಾದ ನಯವನ್ನು ದೇಹ ಮುಂಚಿತವಾಗಿಯೇ ಸಿದ್ಧಪಡಿಸಿಕೊಳ್ಳುತ್ತದೆ ಎಂದು ಇದನ್ನು ಅರ್ಥೈಸಬಹುದು. ಮರಿಯನ್ನು ಕಂಡಾಗ ಹಲ್ಲು ಕಚ್ಚಿ, ಹಿಂಡಿಬಿಡಬೇಕು, ಕೆನ್ನೆ ಕಚ್ಚಿಬಿಡಬೇಕು ಎನ್ನಿಸುವ ವಿಚಿತ್ರ ತುಡಿತವನ್ನು ಕೂಡ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಒರಿಯಾನಾ ಅರಗಾನ್ 2015ರಲ್ಲಿ ಅಧ್ಯಯನ ಮಾಡಿದಳು. ಅವಳ ವಿವರಣೆಯಂತೆ ಅದು ಉಕ್ಕಿಬಂದ ಭಾವವನ್ನು ಹತೋಟಿಗೆ ತರುವ ಮನಸ್ಸಿನ ಉಪಾಯ, ನೋಯಿಸುವ ಇಚ್ಛೆ ಅದರಲ್ಲಿಲ್ಲ.

ಧಾರವಾಡದಿಂದ ಆಬೂ ಬೆಟ್ಟಕ್ಕೆ

ಪಾಲನೆಯ ಬಯಕೆ ಇರುವುದು ಮನುಷ್ಯನಲ್ಲಿ ಮಾತ್ರವಲ್ಲ. ಹಾಲೂಡಿಸುವ ಪ್ರತಿಯೊಂದು ಪ್ರಾಣಿಯಲ್ಲಿಯೂ ಅದು ಇದೆ. ಮನುಷ್ಯನಲ್ಲಿ ಅದು ಇಷ್ಟು ಧಾರಾಳವಾಗಿ ಪರರ ಕಡೆಗೆ ಹರಿಯುವುದೇಕೆ ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಅತ್ಯಂತ ಮನನೀಯವಾದ ಉತ್ತರ ಕೊಟ್ಟವಳು ಅಮೆರಿಕದ ಮಾನವಶಾಸ್ತ್ರಜ್ಞೆ ಸಾರಾ ಬ್ಲಾಫರ್ ಹರ್ಡಿ. ಅವಳ ಆಲೋಚನೆಯ ದಾರಿ ಕರ್ನಾಟಕದ ಕಾಡೊಂದರಿಂದ ಶುರುವಾಗುತ್ತದೆ ಎಂಬುದು ಇಲ್ಲಿನ ಓದುಗರಿಗೆ ಅಷ್ಟಾಗಿ ತಿಳಿದಿಲ್ಲ.

1960ರ ದಶಕದ ಆರಂಭದಲ್ಲಿ ಜಪಾನಿನ ಸಂಶೋಧಕ ಯುಕಿಮಾರು ಸುಗಿಯಾಮಾ ಧಾರವಾಡದ ಬಳಿ ಮುಸುವಗಳನ್ನು ಗಮನಿಸುತ್ತಿದ್ದಾಗ, ಹೊರಗಿನ ಗಂಡುಗಳು ಹಿಂಡಿನ ಮೇಲೆ ಬಿದ್ದು ಹಳೆಯ ನಾಯಕನನ್ನು ಓಡಿಸಿದ ಬಳಿಕ ಹೊಸ ನಾಯಕ ಹಿಂಡಿನ ಎಳೆಯ ಮರಿಗಳನ್ನು ಕಚ್ಚಿ ಕೊಂದುದನ್ನು ದಾಖಲಿಸಿದನು. 1965ರಲ್ಲಿ ಪ್ರಕಟವಾದ ಈ ವರದಿ ಪ್ರಾಣಿಶಾಸ್ತ್ರಜ್ಞರನ್ನು ಬೆಚ್ಚಿಬೀಳಿಸಿತು. ಕಿಕ್ಕಿರಿದ ಬದುಕಿನಿಂದ ಹುಟ್ಟಿದ ಮನೋವಿಕಾರವಿದು ಎಂದು ಹಲವರು ಭಾವಿಸಿದರು. ಹಾರ್ವರ್ಡಿನಲ್ಲಿ ವಿದ್ಯಾರ್ಥಿನಿಯಾಗಿದ್ದ ಹರ್ಡಿ ಅದನ್ನು ಪರೀಕ್ಷಿಸಲೆಂದೇ 1971ರಲ್ಲಿ ರಾಜಸ್ಥಾನದ ಆಬೂ ಬೆಟ್ಟಕ್ಕೆ ಬಂದಳು. ಕೆಲವು ವರ್ಷಗಳ ವೀಕ್ಷಣೆಯ ನಂತರ, ಹೊಸ ಗಂಡು ಬೇರೆಯವನ ಮರಿಗಳನ್ನು ಕೊಂದಾಗ ಹಾಲೂಡಿಸುತ್ತಿದ್ದ ತಾಯಂದಿರು ಬೇಗನೆ ಮತ್ತೆ ಗರ್ಭ ಧರಿಸುವುದರಿಂದ ಅದು ತನ್ನ ಸಂತಾನ ಹೆಚ್ಚಿಸಿಕೊಳ್ಳುವ ಕ್ರೂರ ತಂತ್ರವೆಂಬ ನಿಲುವಿಗೆ ಬಂದಳು. ಆದರೆ ಅದೇ ಹಿಂಡುಗಳಲ್ಲಿ ಅವಳು ಇನ್ನೊಂದನ್ನೂ ಕಂಡಿದ್ದಳು: ಮರಿಯನ್ನು ಮಡಿಲಿನಿಂದ ಮಡಿಲಿಗೆ ಹೊತ್ತು ತಿರುಗುವ, ತಾಯಿಗೆ ನಿಶ್ಚಿಂತೆಯಿಂದ ಮೇಯಲು ಬಿಡುವು ಕೊಡುವ ಹೆಣ್ಣುಗಳನ್ನು.

ಮುಂದಿನ ದಶಕಗಳಲ್ಲಿ ಹರ್ಡಿಯ ಗಮನ ಈ ಎರಡನೆಯ ನೋಟದ ಮೇಲೆ ನೆಟ್ಟಿತು, 2009ರ ಅವಳ ಗ್ರಂಥದಲ್ಲಿ ಅದು ಮನುಷ್ಯಕುಲದ ಉಗಮದ ಸಿದ್ಧಾಂತವಾಗಿ ಬೆಳೆಯಿತು. ಮನುಷ್ಯನಿಗೆ ಅತ್ಯಂತ ಹತ್ತಿರದ ಬಂಧುವಾದ ಚಿಂಪಾಂಜಿಯ ತಾಯಿ ಮೊದಲ ಕೆಲವು ತಿಂಗಳು ತನ್ನ ಮರಿಯನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಒಂದು ಮರಿ ಸ್ವತಂತ್ರವಾಗುವ ತನಕ, ಅಂದರೆ ಐದಾರು ವರ್ಷ, ಇನ್ನೊಂದಕ್ಕೆ ಜನ್ಮ ಕೊಡುವುದೂ ಇಲ್ಲ. ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬದುಕುವ ಮಾನವ ಸಮುದಾಯಗಳಲ್ಲಿ ಮಕ್ಕಳ ನಡುವಿನ ಅಂತರ ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಮಾತ್ರ. ಮಾನವ ಶಿಶು ಹುಟ್ಟುವಾಗ ಅದರ ಮಿದುಳು ವಯಸ್ಕರ ಮಿದುಳಿನ ಮೂರನೆಯ ಒಂದು ಭಾಗದಷ್ಟೂ ಬೆಳೆದಿರುವುದಿಲ್ಲ, ಅದು ತಲೆ ಎತ್ತಲೂ ಅಸಹಾಯಕ. ಹೀಗೆ ಹುಟ್ಟಿದ ಕೂಸು ತನ್ನ ಅನ್ನ ತಾನು ಸಂಪಾದಿಸುವ ವಯಸ್ಸಿಗೆ ಬರುವಷ್ಟರಲ್ಲಿ ಸುಮಾರು 1 ಕೋಟಿ 30 ಲಕ್ಷ ಕ್ಯಾಲೊರಿಗಳಷ್ಟು ಆಹಾರ ಬೇಕಾಗುತ್ತದೆಂಬ ಲೆಕ್ಕವನ್ನು ಹರ್ಡಿ ಮುಂದಿಡುತ್ತಾಳೆ. ಒಬ್ಬ ತಾಯಿ, ಅವಳ ಜೊತೆ ತಂದೆಯೂ ದುಡಿದರೂ, ಇಷ್ಟನ್ನು ಒದಗಿಸುವುದು ಅಸಾಧ್ಯ. ಆದ್ದರಿಂದ ಅಜ್ಜಿ, ಚಿಕ್ಕಮ್ಮ, ಅಕ್ಕ, ಅಣ್ಣ, ಕೊನೆಗೆ ರಕ್ತಸಂಬಂಧವೇ ಇಲ್ಲದ ನೆರೆಯವರೂ ಕೈಜೋಡಿಸಿದಲ್ಲಿ ಮಾತ್ರ ಆ ಕೂಸು ಉಳಿಯುತ್ತಿತ್ತು. ಹಲವರು ಸೇರಿ ಎಳೆಯರನ್ನು ಬೆಳೆಸುವ ಈ ಪದ್ಧತಿಯನ್ನು ಜೀವವಿಜ್ಞಾನಿಗಳು ಸಹಕಾರಿ ಪಾಲನೆ ಎನ್ನುತ್ತಾರೆ. ಮಧ್ಯ ಆಫ್ರಿಕದ ಎಫೆ ಸಮುದಾಯದಲ್ಲಿ ಕೂಸನ್ನು ಹುಟ್ಟಿದ ಮೊದಲ ದಿನಗಳಿಂದಲೇ ಹಲವರು ಎತ್ತಿ ಆಡಿಸುತ್ತಾರೆ, ತಾಯಿಯಲ್ಲದ ಹೆಂಗಸರೂ ಅದಕ್ಕೆ ಹಾಲೂಡಿಸುತ್ತಾರೆ.

ಇಂಥ ಪದ್ಧತಿ ನಡೆಯಬೇಕಾದರೆ, ಹೆತ್ತವಳಲ್ಲದವಳ ಎದೆಯಲ್ಲಿಯೂ ಕೂಸನ್ನು ಕಂಡೊಡನೆ ಅಕ್ಕರೆ ಚಿಮ್ಮಬೇಕು. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಮಾತ್ರ ವಾಸನೆ ಹಿಡಿದು ಗುರುತಿಸಿ ಉಳಿದುದನ್ನು ಒದ್ದು ದೂಡುವ ಕುರಿಯ ತಾಯ್ತನ ಇಲ್ಲಿ ಕೆಲಸಕ್ಕೆ ಬಾರದು. ಗಂಡಸರು, ಅಜ್ಜಿಯರು, ಆರೇಳು ವರ್ಷದ ಮಕ್ಕಳು ಎಲ್ಲರನ್ನೂ ಮುಟ್ಟುವಷ್ಟು ಅಗಲವಾದ, ಯಾರ ಕೂಸೆಂದು ಕೇಳದೆ ತೆರೆದುಕೊಳ್ಳುವ ಒಲವು ಬೇಕು. ಗ್ಲಾಕರಳ ಪ್ರಯೋಗದಲ್ಲಿ ತಾಯಂದಿರಲ್ಲದ ಹೆಣ್ಣುಮಕ್ಕಳ ಮಿದುಳು ಅಪರಿಚಿತ ಕೂಸುಗಳಿಗೆ ಮಿಡಿದದ್ದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗುತ್ತದೆ. ಇಷ್ಟು ಅಗಲವಾಗಿ ತೆರೆದ ಬಾಗಿಲಿನಿಂದ ನಾಯಿಮರಿಯೂ ಬೆಕ್ಕಿನ ಮರಿಯೂ ಒಳಗೆ ಬಂದುವು.

ಗುರಿ ತಪ್ಪಿದ ಒಲವೇ?

ಇದಕ್ಕೆ ಕಟುವಾದ ವ್ಯಾಖ್ಯಾನವೂ ಒಂದಿದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜಾನ್ ಆರ್ಚರ್ 1997ರ ಪ್ರಬಂಧದಲ್ಲಿ ಸಾಕುಪ್ರಾಣಿಗಳನ್ನು ಪರಾವಲಂಬಿಗಳ ಸಾಲಿಗೆ ಸೇರಿಸಿ ನೋಡಿದನು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಕೋಗಿಲೆ ಕಾಗೆಯ ತಾಯ್ತನವನ್ನು ಬಳಸಿಕೊಳ್ಳುವಂತೆ, ನಾಯಿ ಬೆಕ್ಕುಗಳು ಮನುಷ್ಯನ ಪಾಲನೆಯ ಬಯಕೆಯನ್ನು ತಮ್ಮ ಹೊಟ್ಟೆಗೆ ತಿರುಗಿಸಿಕೊಂಡಿವೆ ಎಂಬುದು ಆ ವಾದದ ಸಾರ.

ವಾದದಲ್ಲಿ ಹುರುಳಿಲ್ಲವೆನ್ನಲಾಗದು, ಶಿಶುಲಕ್ಷಣಕ್ಕೆ ಮಿಡಿಯುವ ಮನಸ್ಸು ಮೂಲತಃ ಮಾನವ ಶಿಶುವಿಗಾಗಿ ರೂಪುಗೊಂಡದ್ದು, ಪ್ರಾಣಿಯ ಮರಿ ಅದರ ಲಾಭ ಪಡೆಯುತ್ತಿದೆ ಎಂಬಷ್ಟರಮಟ್ಟಿಗೆ ಅದು ಸರಿ. ಆದರೆ ಹೋಲಿಕೆ ಪೂರ್ತಿ ಕೂಡಿಬರುವುದಿಲ್ಲ. ಕೋಗಿಲೆಯ ಮರಿಯಿಂದ ಕಾಗೆಗೆ ನಷ್ಟವೇ ಹೊರತು ಲಾಭವಿಲ್ಲ, ಕಾಗೆಗೆ ತಾನು ಮೋಸಹೋಗುತ್ತಿರುವುದು ತಿಳಿಯುವುದೂ ಇಲ್ಲ. ನಾಯಿಮರಿಯನ್ನು ಎತ್ತಿಕೊಂಡವನಿಗೆ ಅದು ನಾಯಿಯೆಂದು ಚೆನ್ನಾಗಿ ಗೊತ್ತಿರುತ್ತದೆ. ಅಲ್ಲದೆ ನಾಯಿ ಬೇಟೆಗೆ, ಕಾವಲಿಗೆ, ಕುರಿ ಕಾಯುವುದಕ್ಕೆ ನೆರವಾಯಿತು. ಬೆಕ್ಕು ಕಣಜದ ಇಲಿ ಹಿಡಿಯಿತು. ಒಲವು ಮೊದಲು ಬಂತು, ಉಪಯೋಗ ಅನಂತರ ಕಂಡಿತು ಎಂದು ಹೇಳುವುದು ಹೆಚ್ಚು ಸರಿಯೆನಿಸುತ್ತದೆ.

ಬೇರೆ ಪ್ರಾಣಿಗಳಲ್ಲಿಯೂ ಪರಜಾತಿಯ ಮರಿಗೆ ಒಲಿದ ನಿದರ್ಶನಗಳಿವೆ. 2018ರ ಕೊನೆಯಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ, ತನ್ನವೇ ಎರಡು ಮರಿಗಳಿದ್ದ ಸಿಂಹಿಣಿಯೊಂದು ಚಿರತೆಯ ಮರಿಯೊಂದಕ್ಕೆ ಸುಮಾರು ಒಂದೂವರೆ ತಿಂಗಳು ಹಾಲೂಡಿಸಿ ಜೊತೆಗಿಟ್ಟುಕೊಂಡಿತ್ತು; ಹುಟ್ಟಿನಿಂದಲೇ ಇದ್ದ ದೇಹದೋಷದಿಂದ ಆ ಮರಿ ಸತ್ತಿತು. ಸಿಂಹಗಳೂ ಹಿಂಡಿನಲ್ಲಿ ಒಂದರ ಮರಿಗಳಿಗೆ ಇನ್ನೊಂದು ಹಾಲೂಡಿಸುವ ಪ್ರಾಣಿಗಳೇ. ಇಂಥ ಘಟನೆಗಳು ಕಾಡಿನಲ್ಲಿ ಅಪರೂಪ. ಮನುಷ್ಯರಲ್ಲಿ ಅವು ದಿನನಿತ್ಯದ ವಿಷಯ.

ಬೇಟೆಗಾರರ ಬೀಡಿನಲ್ಲಿ

ಸಾಕುಮರಿಯ ಮೇಲಿನ ಪ್ರೀತಿ ಹೊಟ್ಟೆ ತುಂಬಿದವರ ಶೋಕಿ ಎಂಬ ಮಾತನ್ನು ಅಮೆಜಾನ್ ಕಾಡಿನ ಬೇಟೆಗಾರ ಸಮುದಾಯಗಳು ಸುಳ್ಳುಮಾಡುತ್ತವೆ. ಬ್ರೆಜಿಲ್ಲಿನ ಮರಾನ್ಯಾವ್ ಪ್ರಾಂತ್ಯದ ಅವಾ ಜನರಿಗೆ ಮಂಗಗಳೇ ಮುಖ್ಯ ಬೇಟೆ. ಆದರೆ ತಾಯಿಮಂಗವನ್ನು ಕೊಂದಾಗ ಅದರ ಮೈಗೆ ಅಂಟಿಕೊಂಡ ಮರಿ ಬದುಕುಳಿದರೆ ಅದನ್ನು ಬೀಡಿಗೆ ತರುತ್ತಾರೆ, ಹೆಂಗಸರು ಅದನ್ನು ತಲೆಯ ಮೇಲೆ ಹೊತ್ತು ತಿರುಗುತ್ತಾರೆ, ತಮ್ಮ ಎದೆಹಾಲನ್ನೇ ಊಡಿಸುತ್ತಾರೆ. ಹಾಗೆ ಸಾಕಿದ ಮಂಗವನ್ನು ಮುಂದೆ ಯಾರೂ ತಿನ್ನುವುದಿಲ್ಲ. ಕೊಲ್ಲುವ ಕೈ ಮತ್ತು ಹಾಲೂಡಿಸುವ ಎದೆ ಒಂದೇ ಮನೆಯಲ್ಲಿರುವುದು ಹೊರಗಿನವರಿಗೆ ವಿರೋಧಾಭಾಸದಂತೆ ಕಂಡೀತು. ಮರಿಯ ಮುಖ ಕಂಡಾಗ ಏಳುವ ಬಯಕೆ ಹಸಿವಿನ ಲೆಕ್ಕಕ್ಕೆ ಒಳಪಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಸಿಗಲಾರದು. ಬೇಟೆಗಾರರು ಮನೆಗೆ ತಂದು ಮುದ್ದಿನಿಂದ ಬೆಳೆಸಿದ ಮರಿಗಳಿಂದಲೇ ಪಶುಪಾಲನೆ ಹುಟ್ಟಿತೆಂದು ಬ್ರಿಟನ್ನಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1865ರಷ್ಟು ಹಿಂದೆಯೇ ಊಹಿಸಿದ್ದನು.

ಮಣ್ಣಿನಡಿಯ ಸಾಕ್ಷ್ಯವೂ ಇದೇ ಕಡೆಗೆ ಬೆರಳು ಮಾಡುತ್ತದೆ. ಜರ್ಮನಿಯ ಬಾನ್ ನಗರದ ಬಳಿಯ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸಿಕ್ಕ, ಸುಮಾರು 14,000 ವರ್ಷ ಹಳೆಯ ಸಮಾಧಿಯಲ್ಲಿ ಇಬ್ಬರು ಮನುಷ್ಯರ ಜೊತೆ ಏಳು ತಿಂಗಳ ನಾಯಿಮರಿಯೊಂದರ ಮೂಳೆಗಳಿವೆ. ಹಲ್ಲುಗಳ ಮೇಲಿನ ಗುರುತುಗಳಿಂದ ಅದು ಡಿಸ್ಟೆಂಪರ್ ಎಂಬ ಮಾರಕ ರೋಗಕ್ಕೆ ತುತ್ತಾಗಿತ್ತೆಂದೂ, ಮೈ ಬೆಚ್ಚಗಿಟ್ಟು ನೀರು ಆಹಾರ ಕೊಟ್ಟು ಯಾರೋ ಆರೈಕೆ ಮಾಡದಿದ್ದರೆ ಆ ರೋಗದೊಡನೆ ವಾರಗಟ್ಟಲೆ ಬದುಕುತ್ತಿರಲಿಲ್ಲವೆಂದೂ 2018ರಲ್ಲಿ ಪ್ರಕಟವಾದ ಅಧ್ಯಯನ ತೀರ್ಮಾನಿಸಿತು. ಕಾಯಿಲೆಯ ನಾಯಿಮರಿ ಬೇಟೆಗೂ ಬಾರದು, ಕಾವಲಿಗೂ ಬಾರದು. ಉತ್ತರ ಇಸ್ರೇಲಿನ ಐನ್ ಮಲ್ಲಾಹಾದಲ್ಲಿ ಸುಮಾರು 12,000 ವರ್ಷಗಳ ಹಿಂದೆ ಹೂಳಲಾದ ವ್ಯಕ್ತಿಯ ಕೈ ಒಂದು ನಾಯಿಮರಿಯ ಮೈಮೇಲಿದೆ. ಸೈಪ್ರಸ್ ದ್ವೀಪದ ಶಿಲ್ಲೂರೋಕಾಂಬೋಸ್‌ನಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯ ಪಕ್ಕದಲ್ಲಿಯೇ ಎಂಟು ತಿಂಗಳ ಬೆಕ್ಕೊಂದನ್ನು ಮಲಗಿಸಲಾಗಿದೆ.

ಆರಂಭದ ಆಕರ್ಷಣೆ ಶಿಶುಲಕ್ಷಣದಿಂದ ಬಂದರೂ ಒಡನಾಟದಿಂದ ಬೆಳೆದ ಬಂಧ ಅದಕ್ಕಿಂತ ಗಟ್ಟಿಯಾದದ್ದು ಎಂಬುದಕ್ಕೆ ಕನ್ನಡನಾಡಿನಲ್ಲಿಯೇ ಕಲ್ಲಿನ ಸಾಕ್ಷ್ಯವಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನದ ಪ್ರಕಾರ, ಮಣಲೆರನೆಂಬ ವೀರ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಪ್ರತಿಯಾಗಿ ಬೇಡಿ ಪಡೆದದ್ದು ಕಾಳಿಯೆಂಬ ಬೇಟೆನಾಯಿಯನ್ನು. ಕಾಡುಹಂದಿಯೊಂದಿಗೆ ಸೆಣಸಿ ಹಂದಿಯೂ ಕಾಳಿಯೂ ಸತ್ತಾಗ ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗಾಗಿ ಭೂಮಿ ಬಿಡಲಾಯಿತು.

ಮನುಷ್ಯ ತಿದ್ದಿದ ಮುಖಗಳು

ಮನುಷ್ಯನ ಒಲವು ಪ್ರಾಣಿಗಳ ಪಾಲಿಗೆ ಒಂದು ಬಗೆಯ ಆಯ್ಕೆಯಾಗಿಯೂ ಕೆಲಸ ಮಾಡಿತು. ಮನಸ್ಸಿಗೆ ಹಿಡಿಸಿದ ಮರಿಗೆ ತುತ್ತು ಹೆಚ್ಚು, ಬೆಚ್ಚನೆಯ ಮೂಲೆ, ಬದುಕುವ ಅವಕಾಶ. ಹೀಗೆ ತಲೆಮಾರುಗಳು ಕಳೆದಂತೆ ಆ ಲಕ್ಷಣಗಳೇ ಹೆಚ್ಚಾಗುತ್ತವೆ. ಬ್ರಿಟನ್ನಿನ ಜೂಲಿಯೇನ್ ಕಾಮಿನ್ಸ್ಕಿ ಮತ್ತು ಸಂಗಡಿಗರು 2019ರಲ್ಲಿ ನಾಯಿ ಮತ್ತು ತೋಳಗಳ ಮುಖದ ಸ್ನಾಯುಗಳನ್ನು ಬಿಡಿಸಿ ಹೋಲಿಸಿದಾಗ, ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿರುವುದೂ ತೋಳಗಳಲ್ಲಿ ಅಲ್ಲೊಂದು ಇಲ್ಲೊಂದು ಎಳೆಯಷ್ಟೇ ಇರುವುದೂ ಕಂಡಿತು. ಆ ಸ್ನಾಯು ಎಳೆದಾಗ ಕಣ್ಣು ದೊಡ್ಡದಾಗಿ, ಮರಿಯ ಕಣ್ಣಿನಂತೆ ಕಾಣುತ್ತದೆ. ನಾಯಿ ಮತ್ತು ಒಡೆಯ ಪರಸ್ಪರ ದಿಟ್ಟಿಸಿದಾಗ ಇಬ್ಬರಲ್ಲಿಯೂ ಆಕ್ಸಿಟೋಸಿನ್, ಅಂದರೆ ತಾಯಿ ಮಗುವಿನ ಬಂಧವನ್ನು ಬೆಸೆಯುವ ಹಾರ್ಮೋನು, ಏರುವುದನ್ನು ಜಪಾನಿನ ಮಿಹೋ ನಾಗಸಾವಾ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹಾಗಾಗಲಿಲ್ಲ.

ಮುದ್ದು ಮುಖವನ್ನೇ ಗುರಿಯಾಗಿಸಿ ಆರಿಸದಿದ್ದರೂ ಅದು ಬರಬಹುದೆಂಬ ಸುಳಿವು ರಷ್ಯಾದ ಪ್ರಯೋಗದಿಂದ ಸಿಕ್ಕಿತು. ನೊವೊಸಿಬಿರ್ಸ್ಕ್‌ನಲ್ಲಿ ದ್ಮಿತ್ರಿ ಬೆಲ್ಯಾಯೆವ್ 1959ರಲ್ಲಿ ಆರಂಭಿಸಿ, ಅವನ ನಂತರ ಲ್ಯುದ್ಮಿಲಾ ತ್ರೂತ್ ಮುಂದುವರಿಸಿದ ಆ ಪ್ರಯೋಗದಲ್ಲಿ ಮನುಷ್ಯನಿಗೆ ಹೆದರದ ನರಿಗಳನ್ನು ಮಾತ್ರ ಆರಿಸಿ ತಳಿಯೆಬ್ಬಿಸಿದಾಗ, ಕೆಲವೇ ತಲೆಮಾರುಗಳಲ್ಲಿ ಬಾಲ ಅಲ್ಲಾಡಿಸುವ, ಜೋಲುಕಿವಿಯ, ಮಚ್ಚೆಮೈಯ ಮರಿಗಳು ಕಾಣಿಸಿಕೊಂಡುವು. ಆ ನರಿಗಳ ಪೂರ್ವಜರು ಕೆನಡಾದ ತುಪ್ಪಳ ಸಾಕಣೆಯ ಕೇಂದ್ರಗಳಿಂದ ಬಂದವು, ಕೆಲವು ಲಕ್ಷಣಗಳು ಅವುಗಳಲ್ಲಿ ಮೊದಲೇ ಇದ್ದುವು ಎಂದು 2019ರಲ್ಲಿ ಎದ್ದ ಆಕ್ಷೇಪವನ್ನು ಗಣನೆಗೆ ತೆಗೆದುಕೊಂಡರೂ, ನರಿಗಳ ಸ್ವಭಾವ ಬದಲಾದುದರ ಬಗ್ಗೆ ಸಂದೇಹವಿಲ್ಲ.

ಮುದ್ದಿಗೆ ತೆರುವ ಬೆಲೆ

ಈ ಮಮತೆ ನಿಜವಾದದ್ದು, ಆದರೆ ಅದಕ್ಕೆ ಪ್ರಾಣಿಯ ಬಗ್ಗೆ ಏನೂ ಗೊತ್ತಿರುವುದಿಲ್ಲ. ಪಗ್ ನಾಯಿಯ ಚಪ್ಪಟೆ ಮುಖ ಮತ್ತು ದೊಡ್ಡ ಕಣ್ಣು ಶಿಶುಲಕ್ಷಣವನ್ನು ಮಿತಿಮೀರಿ ಎಳೆದುದರ ಫಲ. ಮೂತಿಯ ಮೂಳೆ ಮೊಟಕಾದರೂ ಒಳಗಿನ ಮೃದು ಅಂಗಾಂಶ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಾದ್ದರಿಂದ ಉಸಿರಾಟದ ದಾರಿ ಕಟ್ಟಿಕೊಳ್ಳುತ್ತದೆ; ಬಾಯಿ ತೆರೆದು ಏದುಸಿರಿಡುವ ಮೂಲಕವೇ ಮೈ ತಂಪಾಗಿಸಿಕೊಳ್ಳಬೇಕಾದ ನಾಯಿಗೆ ಬೇಸಗೆಯಲ್ಲಿ ಇದು ಪ್ರಾಣಕ್ಕೇ ಕುತ್ತು. ಭಾರತದಲ್ಲಿ 2003ರ ಮೊಬೈಲ್ ಜಾಹೀರಾತೊಂದರ ನಂತರ ಈ ತಳಿಗೆ ಬೇಡಿಕೆ ಏರಿತು. ನೆದರ್ಲೆಂಡ್ಸ್ ಈಗ ಮೂತಿ ತೀರ ಗಿಡ್ಡವಾದ ನಾಯಿಗಳಿಂದ ತಳಿಯೆಬ್ಬಿಸುವುದನ್ನು ನಿರ್ಬಂಧಿಸಿದೆ.

ಆಗ್ನೇಯ ಏಷ್ಯಾದ ನಿಧಾನಗತಿಯ ಕಾಡುಪಾಪದ ಕಥೆ ಇನ್ನೂ ನೋವಿನದು. ಕಚಗುಳಿಯಿಟ್ಟಾಗ ಅದು ಎರಡೂ ಕೈ ಎತ್ತುವ ವಿಡಿಯೊಗಳನ್ನು ಕೋಟ್ಯಂತರ ಜನ ನಗುತ್ತ ನೋಡಿದ್ದಾರೆ. ವಾಸ್ತವದಲ್ಲಿ ಅದು ಭಯಗೊಂಡ ಪ್ರಾಣಿಯ ರಕ್ಷಣಾಭಂಗಿ: ಮೊಣಕೈ ಬಳಿಯ ಗ್ರಂಥಿಯ ದ್ರವವನ್ನು ಬಾಯಿಗೆ ತಂದು ಎಂಜಲಿನೊಂದಿಗೆ ಬೆರೆಸಿ ವಿಷವಾಗಿಸುವ ಸಿದ್ಧತೆ. ಕಚ್ಚದಿರಲೆಂದು ವ್ಯಾಪಾರಿಗಳು ಅದರ ಹಲ್ಲುಗಳನ್ನು ಕತ್ತರಿಸುತ್ತಾರೆ. ಅದರ ದಾಯಾದಿಯಾದ ತೆಳುಮೈಯ ಕಾಡುಪಾಪ ತುಮಕೂರಿನ ಕುರುಚಲು ಕಾಡುಗಳಲ್ಲಿಯೂ ಬೆಂಗಳೂರಿನ ಹಳೆಯ ಮರಗಳ ಆವರಣಗಳಲ್ಲಿಯೂ ಇದೆ. ರಾತ್ರಿಯಿಡೀ ಕೊಂಬೆಯಿಂದ ಕೊಂಬೆಗೆ ಹೋಗಿ ಹುಳು ಹಿಡಿಯುವ ಆ ಪ್ರಾಣಿಗೆ ಮನೆಯ ಪಂಜರ ಸೆರೆಮನೆಯೇ.

ಮಂಡ್ಯ, ಮೈಸೂರು ಭಾಗದ ಕಬ್ಬಿನ ಗದ್ದೆಗಳಲ್ಲಿ ಕಟಾವಿನ ವೇಳೆ ಸಿಗುವ ಚಿರತೆ ಮರಿಗಳನ್ನು ಅನಾಥವೆಂದು ಭಾವಿಸಿ ಎತ್ತಿಕೊಂಡು ಹೋಗುವುದೂ ಇದೇ ಮಮತೆಯ ಅವಸರ. ತಾಯಿ ಬಹುತೇಕ ಸಮೀಪದಲ್ಲಿಯೇ ಇರುತ್ತದೆ. ಮರಿಗಳನ್ನು ಸಿಕ್ಕ ಜಾಗದಲ್ಲಿಯೇ ಬಿಟ್ಟು ಜನ ದೂರ ಸರಿದರೆ ಕತ್ತಲಾದ ಮೇಲೆ ಬಂದು ಒಯ್ಯುತ್ತದೆ.

ಬೀದಿಯ ಮರಿಗಳ ಎರಡು ತಿಂಗಳು

ಮುದ್ದಿನ ಆಯುಷ್ಯ ಎಷ್ಟು ಎಂಬುದನ್ನು ಕೂಡ ಅಳೆಯಲಾಗಿದೆ. ನಾಡೀನ್ ಚೆರ್ಸಿನಿ, ಕ್ಲೈವ್ ವಿನ್ ಮತ್ತು ಸಂಗಡಿಗರು 2018ರಲ್ಲಿ ಬೇರೆ ಬೇರೆ ವಯಸ್ಸಿನ ನಾಯಿಮರಿಗಳ ಚಿತ್ರಗಳನ್ನು ಜನರಿಗೆ ತೋರಿಸಿದಾಗ, ಮರಿಗಳು ಅತ್ಯಂತ ಆಕರ್ಷಕವೆನಿಸಿದ್ದು ಆರರಿಂದ ಎಂಟು ವಾರದ ನಡುವೆ. ತಾಯಿ ಹಾಲು ಬಿಡಿಸುವ ವಯಸ್ಸು ಅದೇ. ತಾಯಿಯ ಆಸರೆ ಕಳಚುವ ಹೊತ್ತಿಗೆ ಮನುಷ್ಯನ ಮನಸ್ಸು ಅತಿ ಹೆಚ್ಚು ಕರಗುವುದು ಬರಿಯ ಕಾಕತಾಳೀಯವಲ್ಲ, ನಾಯಿಯ ಬದುಕು ಮನುಷ್ಯನ ಪಾಲನೆಯೊಂದಿಗೆ ಹೊಂದಿಕೊಂಡು ಬಂದುದರ ಗುರುತಾಗಿರಬಹುದು ಎಂದು ಸಂಶೋಧಕರು ಸೂಚಿಸುತ್ತಾರೆ.

ಆ ಕಿಟಕಿ ಬೇಗನೆ ಮುಚ್ಚುತ್ತದೆ. ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಅನಿಂದಿತಾ ಭದ್ರಾ ಅವರ ತಂಡ ಐದು ವರ್ಷಗಳ ಕಾಲ ಬೀದಿನಾಯಿಗಳ 95 ಸೂಲುಗಳ 364 ಮರಿಗಳನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕ ಕಣ್ತೆರೆಸುವಂಥದು: ಸಂತಾನೋತ್ಪತ್ತಿಯ ವಯಸ್ಸಿನವರೆಗೆ ಉಳಿದವು ಶೇ 19 ಮಾತ್ರ, ಸಾವುಗಳಲ್ಲಿ ಶೇ 63ಕ್ಕೆ ಮನುಷ್ಯರೇ ಒಂದಲ್ಲ ಒಂದು ರೀತಿಯಲ್ಲಿ ಕಾರಣ. ತುತ್ತು ಹಾಕುವ ಮನುಷ್ಯರ ನಡುವೆಯೇ, ಮನುಷ್ಯರಿಂದಲೇ, ಹೆಚ್ಚಿನ ಮರಿಗಳು ಸಾಯುತ್ತವೆ. ಉಳಿದವುಗಳ ಮೂತಿ ಉದ್ದವಾಗಿ, ಹಣೆ ತಗ್ಗಿ, ಶಿಶುಲಕ್ಷಣ ಮಾಸಿದಾಗ, ಎತ್ತಿಕೊಂಡಿದ್ದ ಕೈಗಳೇ ಅವನ್ನು ಗದರಿಸಿ ಓಡಿಸುವುದು ಎಲ್ಲ ಊರುಗಳಲ್ಲಿಯೂ ನಡೆಯುವ ಸಂಗತಿ.

ನಾಯಿಯ ಕಡೆಯಿಂದ ಬಂಧ ಹಾಗೆ ಸವೆಯುವುದಿಲ್ಲ. ಅದೇ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆಳೆದ ಬೀದಿನಾಯಿಗಳಲ್ಲಿ ಕೆಲವಕ್ಕೆ ಅಪರಿಚಿತ ವ್ಯಕ್ತಿಯೊಬ್ಬ ಆಹಾರದ ತುಣುಕು ಕೊಟ್ಟನು, ಉಳಿದವುಗಳ ತಲೆ ನೇವರಿಸಿದನು. ಹಲವು ಸಲದ ಭೇಟಿಯ ನಂತರ ಅವನ ಕೈಯಿಂದ ಆಹಾರ ತೆಗೆದುಕೊಳ್ಳಲು ಹೆಚ್ಚು ನಂಬಿಕೆಯಿಂದ ಹತ್ತಿರ ಬಂದುವು ಅನ್ನ ತಿಂದ ನಾಯಿಗಳಲ್ಲ, ನೇವರಿಕೆ ಪಡೆದ ನಾಯಿಗಳು.